ಹಡಗನ್ನು ಹತ್ತುವ ಮುನ್ನ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ಗೃಹಸ್ಥರಿಗೆ ಸಮುದ್ರವು ದೂರವಾದರೂ ನೀರು ದೂರವಲ್ಲ. ಲಕ್ಷ್ಮಣತೀರ್ಥ, ಕಾವೇರಿ, ಕಪಿಲಾ ನದಿಗಳ ದಡದಲ್ಲಿ ಬೆಳೆದವರಿಗೆ ಹರಿಗೋಲನ್ನು ಹತ್ತುವ ಕ್ರಮವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಅಂಬಿಗನು ಕರೆದಾಗ ಒಬ್ಬೊಬ್ಬರಾಗಿ ಬರುವುದು, ಅಂಚನ್ನು ತುಳಿಯದೆ ನಡುವೆ ಕಾಲಿಡುವುದು, ಒಳಕ್ಕೆ ಬಂದೊಡನೆ ಕುಳಿತುಬಿಡುವುದು, ಅವನ ಮಾತನ್ನು ಮೀರದಿರುವುದು. ಇಷ್ಟೇ ಅದರ ಶಾಸ್ತ್ರವು. ಸಾವಿರಾರು ಜನರನ್ನು ಹೊರುವ ಸಮುದ್ರದ ವಿಹಾರನೌಕೆಗೂ ಶಾಸ್ತ್ರವು ಇದೇ. ಆದರೆ ಅಲ್ಲಿ ಅಂಬಿಗನ ಸ್ಥಾನದಲ್ಲಿ ಹತ್ತಾರು ಅಧಿಕಾರಿಗಳೂ, ಅವನ ಕೂಗಿನ ಸ್ಥಾನದಲ್ಲಿ ಹತ್ತಾರು ಕಾಗದಗಳೂ ಇರುವುವು. ಹೊಗೆಸೊಪ್ಪಿನ ಹರಾಜು ಮುಗಿದು ಕೈಯಲ್ಲಿ ನಾಲ್ಕು ಕಾಸು ನಿಂತಾಗ, ಇಲ್ಲವೆ ಮಕ್ಕಳ ರಜೆಯ ದಿನಗಳಲ್ಲಿ, ಒಮ್ಮೆ ಸಮುದ್ರಯಾನ ಮಾಡಿಬರಬೇಕೆಂದು ಅಪೇಕ್ಷಿಸುವ ಕುಟುಂಬಗಳಿಗಾಗಿ ಈ ತಿಂಗಳ ಮಾತುಗಳನ್ನು ಮೀಸಲಿಡುತ್ತೇವೆ. ನಾವು ಹೇಳತಕ್ಕದ್ದು ಒಂದೇ: ಹಡಗನ್ನು ಸುಗಮವಾಗಿ ಹತ್ತುವ ಕೆಲಸವು ಬಂದರಿನಲ್ಲಿ ಆಗುವುದಲ್ಲ, ಮನೆಯಲ್ಲಿ ಆಗುವುದು.

ನಮಗೆ ಸಮೀಪದ ದೊಡ್ಡ ಬಂದರು ನವಮಂಗಳೂರು. ಅಲ್ಲಿಗೆ ವಿದೇಶಗಳ ವಿಹಾರನೌಕೆಗಳು ಬರುವುದುಂಟಾದರೂ ಅವು ಬಹುಮಟ್ಟಿಗೆ ನಡುದಾರಿಯಲ್ಲಿ ಒಂದು ಹಗಲು ತಂಗಿ ಹೋಗತಕ್ಕವು. ಆದುದರಿಂದ ನಮ್ಮವರು ಕೊಚ್ಚಿಗೋ ಮುಂಬಯಿಗೋ ಹೋಗಬೇಕಾಗುವುದು. ಕೊಚ್ಚಿಯ ವಿಲ್ಲಿಂಗ್ಡನ್ ದ್ವೀಪದಿಂದ ಲಕ್ಷದ್ವೀಪ ಆಡಳಿತದ ಹಡಗುಗಳು ಹೊರಡುವುವು; ಮುಂಬಯಿಯಿಂದ 2021ರ ಸೆಪ್ಟೆಂಬರಿನಲ್ಲಿ ಕಾರ್ಡೀಲಿಯಾ ಎಂಬ ಕಂಪೆನಿಯು ವಿಹಾರಯಾತ್ರೆಗಳನ್ನು ಆರಂಭಿಸಿತು. ಜೂನಿನಿಂದ ಸೆಪ್ಟೆಂಬರಿನವರೆಗೆ ಪಶ್ಚಿಮ ಸಮುದ್ರವು ಕೆರಳಿರುವುದರಿಂದ, ಮಳೆಗಾಲ ಕಳೆದ ಮೇಲೆ ಹೊರಡುವುದೇ ಮೇಲು.

ಮೊದಲನೆಯದು ಹೆಸರಿನ ವಿಚಾರ. ಇದು ನಮ್ಮ ಮೈಸೂರು ಸೀಮೆಯವರಿಗೆ ವಿಶೇಷವಾಗಿ ಸಂಬಂಧಿಸಿದ್ದು. ಊರಿನ ಹೆಸರು, ತಂದೆಯ ಹೆಸರು, ತನ್ನ ಹೆಸರು ಎಂಬ ಕ್ರಮದಲ್ಲಿ ಮೊದಲಕ್ಷರಗಳನ್ನು ಇಟ್ಟುಕೊಳ್ಳುವುದು ನಮ್ಮ ಪದ್ಧತಿಯಷ್ಟೆ. ಒಬ್ಬ ಗೃಹಸ್ಥರ ಹೆಸರು ಟಿಕೇಟಿನಲ್ಲಿ ‘ಎಚ್. ಎಸ್. ರಾಮಚಂದ್ರ’ ಎಂದಿರುವುದು, ಆಧಾರ್ ಚೀಟಿಯಲ್ಲಿ ಅಕ್ಷರಗಳು ಹಿಂದಕ್ಕೆ ಹೋಗಿ ‘ರಾಮಚಂದ್ರ ಎಚ್. ಎಸ್.’ ಎಂದಾಗಿರುವುದು, ಪಾಸ್‌ಪೋರ್ಟಿನಲ್ಲಿ ಅವೇ ಅಕ್ಷರಗಳು ಬಿಡಿಸಿಕೊಂಡು ‘ಹುಣಸೂರು ಶ್ರೀನಿವಾಸಯ್ಯ ರಾಮಚಂದ್ರ’ ಎಂದಾಗಿರುವುದು. ಮನೆಯವರಿಗೆ ಮೂವರೂ ಒಬ್ಬರೇ. ಪರವೂರಿನ ಗುಮಾಸ್ತನಿಗೆ ಮೂವರೂ ಬೇರೆ. ವಿವಾಹಾನಂತರ ತಂದೆಯ ಹೆಸರಿನ ಅಕ್ಷರವನ್ನು ಬಿಟ್ಟು ಪತಿಯ ಹೆಸರಿನದನ್ನು ಇಟ್ಟುಕೊಂಡ ಸ್ತ್ರೀಯರಿಗೂ ಈ ತೊಡಕು ಉಂಟು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ‘ಲಕ್ಷ್ಮಿ’ಗೆ ಒಂದು ಕಡೆ ‘ಐ’, ಇನ್ನೊಂದು ಕಡೆ ಎರಡು ‘ಇ’ ಬಿದ್ದಿರುವುದೂ ಅಪೂರ್ವವಲ್ಲ. ಇದಕ್ಕೆ ಪರಿಹಾರವು ಸುಲಭ. ಬಂದರಿನಲ್ಲಿ ಯಾವ ಗುರುತಿನ ಚೀಟಿಯನ್ನು ತೋರಿಸುವೆವೆಂಬುದನ್ನು ಮೊದಲು ನಿಶ್ಚಯಿಸಿ, ಅದನ್ನು ಎದುರಿಗಿಟ್ಟುಕೊಂಡು, ಅದರಲ್ಲಿರುವಂತೆಯೇ ಅಕ್ಷರಕ್ಕೆ ಅಕ್ಷರವಾಗಿ ಟಿಕೇಟನ್ನು ಬರೆಯಿಸಬೇಕು. ಟಿಕೇಟು ಕೈಗೆ ಬಂದ ದಿನವೇ ಎರಡನ್ನೂ ಹೋಲಿಸಿ ನೋಡಿದರೆ ತಿದ್ದಿಸಲು ಕಾಲಾವಕಾಶವಿರುವುದು.

ದೇಶದೊಳಗಿನ ಯಾನಕ್ಕೆ ಭಾವಚಿತ್ರವುಳ್ಳ ಸರಕಾರದ ಗುರುತಿನ ಚೀಟಿಯು ಸಾಕು. ಪರದೇಶದ ರೇವನ್ನು ಮುಟ್ಟುವ ಹಡಗಾದರೆ ಪಾಸ್‌ಪೋರ್ಟು ಬೇಕು, ಅದರ ಅವಧಿಯು ಇನ್ನೂ ಆರು ತಿಂಗಳಾದರೂ ಉಳಿದಿರಬೇಕೆಂದು ಸಾಮಾನ್ಯವಾಗಿ ಕೇಳುವರು. ನಕಲು ಪ್ರತಿಯಿಂದ ಕೆಲಸವಾಗದು, ಮೂಲ ಪತ್ರವೇ ಬೇಕು. ಲಕ್ಷದ್ವೀಪಕ್ಕಾದರೋ, ಭಾರತೀಯರಾದರೂ ಆ ದ್ವೀಪದವರಲ್ಲದವರು 1967ರ ನಿಯಮಗಳಂತೆ ಪ್ರವೇಶದ ಅನುಮತಿಪತ್ರವನ್ನು ಪಡೆಯಬೇಕು. ಅದಕ್ಕೆ ದಿನಗಳು ಹಿಡಿಯುವುದರಿಂದ ಟಿಕೇಟಿಗಿಂತ ಮೊದಲೇ ಅದರ ಯೋಚನೆಯನ್ನು ಮಾಡತಕ್ಕದ್ದು. ಹಡಗಿನ ಕಂಪೆನಿಗಳು ಹೊರಡುವುದಕ್ಕೆ ಕೆಲವು ದಿನ ಮುಂಚೆ ‘ವೆಬ್ ಚೆಕ್-ಇನ್’ ಎಂಬ ಮುಂಗಡ ಹಾಜರಿಯನ್ನು ಅಂತರ್ಜಾಲದ ಮೂಲಕ ತೆಗೆದುಕೊಳ್ಳುವುವು. ಮನೆಯಲ್ಲಿ ಸಾವಕಾಶವಾಗಿ ಕುಳಿತು ಇದನ್ನು ಮುಗಿಸಿ ಬೋರ್ಡಿಂಗ್ ಪಾಸನ್ನು ಅಚ್ಚು ಹಾಕಿಸಿಕೊಂಡವರಿಗೆ ಬಂದರಿನ ಅರ್ಧ ಕೆಲಸವು ಮುಗಿದಂತೆಯೇ.

ಎರಡನೆಯದು ಕಾಲ. ಹಡಗು ಹೊರಡುವ ಹೊತ್ತು ಬೇರೆ, ಹತ್ತುವ ಬಾಗಿಲನ್ನು ಮುಚ್ಚುವ ಹೊತ್ತು ಬೇರೆ. ಬಾಗಿಲು ಒಂದೆರಡು ಗಂಟೆ ಮೊದಲೇ ಮುಚ್ಚಲ್ಪಡುವುದು. ಆಮೇಲೆ ಬಂದವರು ದಡದಲ್ಲಿಯೇ ಉಳಿಯುವರು, ಹಣವೂ ಹೋಗುವುದು. ನಮ್ಮ ಕಡೆಯವರು ಇನ್ನೊಂದು ಬಾಗಿಲನ್ನೂ ನೆನಪಿನಲ್ಲಿಡಬೇಕು, ಅದು ಕಾಡಿನ ಬಾಗಿಲು. ಹೆಗ್ಗಡದೇವನಕೋಟೆಯಿಂದ ಬಾವಲಿಯ ಮೇಲೆ ಮಾನಂದವಾಡಿಗೆ ಹೋಗುವ ರಸ್ತೆಯನ್ನೂ, ಹುಣಸೂರಿನಿಂದ ನಾಗರಹೊಳೆಯ ಮೇಲೆ ಕುಟ್ಟಕ್ಕೆ ಹೋಗುವ ರಸ್ತೆಯನ್ನೂ ವನ್ಯಮೃಗಗಳ ಹಿತಕ್ಕಾಗಿ ಸಂಜೆ 6ರಿಂದ ಬೆಳಗಿನ 6ರವರೆಗೆ ಮುಚ್ಚುವರು. ಗುಂಡ್ಲುಪೇಟೆಯಿಂದ ಬಂಡೀಪುರದ ಮೂಲಕ ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿರುವುದು. ರಾತ್ರಿಯ ಊಟ ಮುಗಿಸಿ ಕಾರಿನಲ್ಲಿ ಹೊರಟು ಬೆಳಗಾಗುವುದರೊಳಗೆ ಕೊಚ್ಚಿಯನ್ನು ಸೇರುವೆವೆಂದು ಎಣಿಸಿದವರು ಕಾಡಿನ ಅಂಚಿನಲ್ಲಿ ಬೆಳಗಿನವರೆಗೆ ಕಾದು ಕುಳಿತಿರಬೇಕಾಗುವುದು. ಪಿರಿಯಾಪಟ್ಟಣದವರು ಗೋಣಿಕೊಪ್ಪ, ವಿರಾಜಪೇಟೆ, ಮಾಕುಟ್ಟದ ಘಾಟಿಯನ್ನು ಇಳಿದು ಕಣ್ಣೂರಿನ ಕಡೆಯಿಂದ ಹೋಗಬಹುದು. ಆದರೆ ಆ ಘಾಟಿಯು 2018ರ ಮಳೆಯಲ್ಲಿ ಕುಸಿದು ಸಂಚಾರವೇ ನಿಂತಿತ್ತೆಂಬುದನ್ನು ಮರೆಯಬಾರದು. ಆದಕಾರಣ ಹಿಂದಿನ ದಿನ ಬೆಳಗ್ಗೆ ಹೊರಟು, ಬಂದರಿನ ಊರಿನಲ್ಲಿ ಒಂದು ರಾತ್ರಿ ತಂಗಿ, ಮರುದಿನ ಮಿಂದು ಉಂಡು ಹಡಗಿಗೆ ಹೋಗುವುದೇ ಉತ್ತಮವು. ವಸತಿಗೃಹದ ಒಂದು ದಿನದ ಬಾಡಿಗೆಯನ್ನು ಉಳಿಸಹೋಗಿ ಇಡೀ ಯಾತ್ರೆಯನ್ನು ಕಳೆದುಕೊಳ್ಳುವುದು ಜಾಣತನವಲ್ಲ.

ಮೂರನೆಯದು ಗಂಟುಮೂಟೆ. ಹಡಗಿನಲ್ಲಿ ದೊಡ್ಡ ಪೆಟ್ಟಿಗೆಗಳನ್ನು ದಡದಲ್ಲಿಯೇ ಕೂಲಿಯವರಿಗೆ ಒಪ್ಪಿಸತಕ್ಕದ್ದು. ಅವುಗಳಿಗೆ ನಮ್ಮ ಹೆಸರೂ ಕೊಠಡಿಯ ಸಂಖ್ಯೆಯೂ ಇರುವ ಚೀಟಿಯನ್ನು ಕಟ್ಟಿದ್ದರೆ ಅವು ತಾವಾಗಿ ಕೊಠಡಿಯ ಬಾಗಿಲಿಗೆ ಬರುವುವು; ಆದರೆ ಕೆಲವು ಗಂಟೆಗಳು ತಡವಾಗಬಹುದು. ಆದುದರಿಂದ ಗುರುತಿನ ಪತ್ರಗಳು, ಹಣ, ಆಭರಣ, ಕನ್ನಡಕ, ಮಗುವಿನ ಹಾಲು, ಒಂದು ಜೊತೆ ಬಟ್ಟೆ, ಮುಖ್ಯವಾಗಿ ನಿತ್ಯದ ಔಷಧಿಗಳು ಕೈಚೀಲದಲ್ಲಿಯೇ ಇರತಕ್ಕವು. ರಕ್ತದ ಒತ್ತಡಕ್ಕೂ ಸಕ್ಕರೆಯ ಕಾಯಿಲೆಗೂ ಮಾತ್ರೆ ನುಂಗುವ ಹಿರಿಯರು ಮನೆಮನೆಯಲ್ಲಿಯೂ ಇರುವರು; ಅವರ ಮಧ್ಯಾಹ್ನದ ಮಾತ್ರೆಯು ಹಡಗಿನ ತಳದಲ್ಲಿ ಎಲ್ಲಿಯೋ ಪೆಟ್ಟಿಗೆಯೊಳಗೆ ಬಿದ್ದಿದ್ದರೆ ಏನು ಪ್ರಯೋಜನ?

ಒಯ್ಯಬಾರದ ವಸ್ತುಗಳ ಪಟ್ಟಿಯನ್ನು ಕಂಪೆನಿಯವರು ಮೊದಲೇ ಕಳುಹಿಸುವರು. ಮದ್ಯ, ಆಯುಧ ಮೊದಲಾದವು ನಮ್ಮ ವಾಚಕರಿಗೆ ಸಂಬಂಧಿಸಿದವಲ್ಲ. ಆದರೆ ಗೃಹಿಣಿಯರು ನಿಷ್ಕಪಟವಾಗಿ ಇಟ್ಟುಕೊಳ್ಳುವ ಕೆಲವು ಪದಾರ್ಥಗಳೂ ತಪಾಸಣೆಯಲ್ಲಿ ಸಿಕ್ಕಿಬೀಳುವುವು. ನಡುಸಮುದ್ರದಲ್ಲಿ ಹಡಗಿಗೆ ಬೆಂಕಿಗಿಂತ ದೊಡ್ಡ ಶತ್ರುವಿಲ್ಲ. ಅದಕ್ಕೋಸ್ಕರ ದೇವರ ಪೂಜೆಗೆಂದು ತಂದ ಕರ್ಪೂರ, ಊದುಬತ್ತಿ, ಬೆಂಕಿಪೊಟ್ಟಣಗಳೂ, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ವಿದ್ಯುತ್ ಪಾತ್ರೆಗಳೂ ಒಳಕ್ಕೆ ಹೋಗುವಂತಿಲ್ಲ. ಎಲೆಯಡಿಕೆಯ ಅಭ್ಯಾಸವುಳ್ಳ ಅಜ್ಜಿಯರ ಅಡಕತ್ತರಿಯನ್ನು ಹರಿತವಾದ ಆಯುಧವೆಂದು ತೆಗೆದಿರಿಸುವರು. ಮನೆಯಲ್ಲಿ ಮಾಡಿದ ತಿಂಡಿತೀರ್ಥಗಳಿಗೂ ಅನೇಕ ಹಡಗುಗಳಲ್ಲಿ ಪ್ರವೇಶವಿಲ್ಲ. ಇವನ್ನು ಮೊದಲೇ ತಿಳಿದು ಮನೆಯಲ್ಲಿ ಬಿಟ್ಟುಬಂದರೆ, ಸಾಲಿನಲ್ಲಿ ನೂರು ಜನರ ಮುಂದೆ ಪೆಟ್ಟಿಗೆಯನ್ನು ಬಿಚ್ಚಿ ಹರಡುವ ಪ್ರಸಂಗವು ಬಾರದು.

ನಾಲ್ಕನೆಯದು ಜನ. ಗರ್ಭಿಣಿಯರಿಗೆ 24 ವಾರಗಳು ತುಂಬಿದ ಮೇಲೆಯೂ, ಆರು ತಿಂಗಳು ತುಂಬದ ಕೂಸುಗಳಿಗೂ ಅನೇಕ ಕಂಪೆನಿಗಳು ಅವಕಾಶ ಕೊಡುವುದಿಲ್ಲ. ಟಿಕೇಟು ಕೊಂಡ ದಿನದ ಲೆಕ್ಕವಲ್ಲ, ಯಾತ್ರೆಯು ಮುಗಿಯುವ ದಿನದ ಲೆಕ್ಕವನ್ನು ಹಿಡಿಯಬೇಕು. ನಡೆಯಲಾರದ ವೃದ್ಧರಿಗೆ ಗಾಲಿಕುರ್ಚಿ ಬೇಕೆಂದು ಮುಂಚಿತವಾಗಿ ತಿಳಿಸಿದ್ದರೆ ಸಾಲಿನಲ್ಲಿ ನಿಲ್ಲುವ ಕಷ್ಟವು ತಪ್ಪುವುದು. ಮನೆಯವರೆಲ್ಲರ ಪತ್ರಗಳನ್ನೂ ಒಬ್ಬರೇ ಇಟ್ಟುಕೊಂಡು, ಅವರೇ ಸಾಲಿನ ಮುಂದೆ ನಿಲ್ಲುವುದೊಳ್ಳೆಯದು. ಮಕ್ಕಳ ಹೊಣೆಯನ್ನು ಇನ್ನೊಬ್ಬರು ಹೊರಲಿ.

ಲಕ್ಷದ್ವೀಪದ ಯಾನದಲ್ಲಿ ಹತ್ತುವ ಕೆಲಸವು ಒಂದೇ ಸಲಕ್ಕೆ ಮುಗಿಯುವುದಿಲ್ಲ. ಹವಳದ ದಿಬ್ಬಗಳ ಒಳಗಿನ ನೀರು ಆಳವಿಲ್ಲದ್ದರಿಂದ ಅನೇಕ ದ್ವೀಪಗಳಲ್ಲಿ ಹಡಗು ದೂರದಲ್ಲಿಯೇ ಲಂಗರು ಹಾಕಿ, ಪ್ರಯಾಣಿಕರು ಸಣ್ಣ ದೋಣಿಗಳಲ್ಲಿ ದಡಕ್ಕೆ ಹೋಗಿಬರಬೇಕು. ಅಲೆಯೊಡನೆ ದೋಣಿಯು ಏರುತ್ತಲೂ ಇಳಿಯುತ್ತಲೂ ಇರುವುದು. ಆಗ ಕೈಯಲ್ಲಿ ಚೀಲವಾಗಲಿ ಮೊಬೈಲ್ ಆಗಲಿ ಇರಬಾರದು. ಎರಡು ಕೈಗಳನ್ನೂ ನಾವಿಕರಿಗೆ ಕೊಟ್ಟು, ಅವರು ‘ಈಗ’ ಎಂದಾಗ ಅನುಮಾನಿಸದೆ ಹೆಜ್ಜೆಯಿಡಬೇಕು. ಸ್ತ್ರೀಯರು ಸೆರಗನ್ನು ಬಿಗಿಯಾಗಿ ಸಿಕ್ಕಿಸಿ, ನೆರಿಗೆಯು ಕಾಲಿಗೆ ತೊಡರದಂತೆ ಸ್ವಲ್ಪ ಎತ್ತಿ ಉಟ್ಟುಕೊಳ್ಳುವುದೂ, ಜಾರದ ಚಪ್ಪಲಿಯನ್ನು ಮೆಟ್ಟುವುದೂ ಯುಕ್ತವು. ಮಂಡಿನೋವಿನವರು ಈ ವಿಷಯವನ್ನು ವಿಚಾರಿಸಿಯೇ ಟಿಕೇಟು ಕೊಳ್ಳಬೇಕು.

ಹಡಗಿನೊಳಕ್ಕೆ ಕಾಲಿಟ್ಟೊಡನೆ ಭಾವಚಿತ್ರವನ್ನು ತೆಗೆದು, ಒಬ್ಬೊಬ್ಬರಿಗೂ ಒಂದು ಕಾರ್ಡನ್ನು ಕೊಡುವರು. ಕೊಠಡಿಯ ಬೀಗದಕೈಯೂ, ಗುರುತಿನ ಚೀಟಿಯೂ, ಹಣದ ಚೀಲವೂ ಅದೇ. ಇಷ್ಟಾದ ಮೇಲೆ ಎಲ್ಲರ ಕಣ್ಣೂ ಭೋಜನಶಾಲೆಯ ಕಡೆಗೆ ಹೊರಳುವುದು ಸಹಜವು. ಆದರೆ ಹತ್ತುವ ಕೆಲಸವು ಇನ್ನೂ ಮುಗಿದಿಲ್ಲ, ಮುಖ್ಯವಾದುದೇ ಉಳಿದಿದೆ. ಮದುವೆಯ ಗದ್ದಲದಲ್ಲಿ ತಾಳಿ ಕಟ್ಟುವುದನ್ನೇ ಮರೆತರಂತೆ ಎಂಬ ಗಾದೆಯು ಇಲ್ಲಿಗೆ ಒಪ್ಪುವುದು.

1912ರಲ್ಲಿ ಟೈಟಾನಿಕ್ ಮುಳುಗಿದ ತರುವಾಯ, 1914ರಲ್ಲಿ ಹಲವು ರಾಷ್ಟ್ರಗಳು ಸೇರಿ ಸಮುದ್ರದಲ್ಲಿ ಪ್ರಾಣರಕ್ಷಣೆಯ ಒಪ್ಪಂದವನ್ನು ಮಾಡಿಕೊಂಡುವು. ಆಪತ್ಕಾಲದಲ್ಲಿ ಯಾರು ಎಲ್ಲಿ ಸೇರಬೇಕೆಂಬುದನ್ನು ಪ್ರಯಾಣಿಕರಿಗೆ ತೋರಿಸಿಕೊಡುವ ಅಭ್ಯಾಸವು ಈ ಒಪ್ಪಂದದ ಪರಂಪರೆಯಲ್ಲಿ ಬಂದದ್ದು. ಬಹುಕಾಲ ಇದನ್ನು ಹತ್ತಿದ 24 ಗಂಟೆಗಳೊಳಗೆ ನಡೆಸಿದರೆ ಸಾಕೆಂದಿತ್ತು. 2012ರ ಜನವರಿ 13ರ ರಾತ್ರಿ ಇಟಲಿಯ ಜೀಲಿಯೋ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಎಂಬ ವಿಹಾರನೌಕೆಯು ಬಂಡೆಗೆ ತಗುಲಿ ಒರಗಿಬಿದ್ದು 32 ಜನರು ಪ್ರಾಣವನ್ನು ಕಳೆದುಕೊಂಡರು. ಆ ಸಂಜೆಯೇ ಹತ್ತಿದ್ದ ನೂರಾರು ಜನರಿಗೆ ಅಭ್ಯಾಸವು ಇನ್ನೂ ಆಗಿರಲಿಲ್ಲ. ಕತ್ತಲೆಯಲ್ಲಿ, ವಾಲಿದ ನೆಲದ ಮೇಲೆ, ಎತ್ತ ಹೋಗಬೇಕೆಂಬುದನ್ನು ಅವರು ಅರಿಯರು. ಈ ದುರಂತದ ಬಳಿಕ ನಿಯಮವನ್ನು ತಿದ್ದಿ, ಹಡಗು ಹೊರಡುವ ಮುನ್ನ ಅಥವಾ ಹೊರಟೊಡನೆಯೇ ಅಭ್ಯಾಸವಾಗಬೇಕೆಂದು 2015ರ ಜನವರಿಯಿಂದ ವಿಧಿಸಿದರು. ನಮ್ಮ ಸಮುದ್ರದಲ್ಲಿಯೂ 2021ರ ಡಿಸೆಂಬರಿನಲ್ಲಿ ಲಕ್ಷದ್ವೀಪದ ಎಂ. ವಿ. ಕವರತ್ತಿ ಹಡಗಿನ ಯಂತ್ರಗಳ ಕೋಣೆಯಲ್ಲಿ ಬೆಂಕಿಯು ಕಾಣಿಸಿಕೊಂಡಿತು; ಪ್ರಯಾಣಿಕರು ಪಾರಾದರು.

ಆದುದರಿಂದ ಅಭ್ಯಾಸಕ್ಕೆ ಕರೆಬಂದಾಗ ‘ಆಮೇಲೆ ನೋಡೋಣ’ ಎನ್ನದೆ ಎಲ್ಲರೂ ಹೋಗಬೇಕು. ತಮ್ಮ ಕೂಡುವ ಸ್ಥಳದ ಸಂಖ್ಯೆಯನ್ನು ಮಕ್ಕಳಿಗೂ ಬಾಯಿಪಾಠ ಮಾಡಿಸಬೇಕು. ಲೈಫ್ ಜಾಕೆಟ್ಟು ಕೊಠಡಿಯಲ್ಲಿ ಎಲ್ಲಿದೆ, ಮಗುವಿನ ಅಳತೆಯದು ಇದೆಯೆ ಎಂದು ನೋಡಬೇಕು. ಇಲ್ಲದಿದ್ದರೆ ಆಗಲೇ ಕೇಳಬೇಕು. ಸೀಟಿಯು ಏಳು ಸಲ ಮೊಟಕಾಗಿಯೂ ಕಡೆಗೊಮ್ಮೆ ದೀರ್ಘವಾಗಿಯೂ ಕೂಗಿದರೆ ಅದೇ ಆಪತ್ತಿನ ಕರೆಯೆಂದು ತಿಳಿದಿರಬೇಕು. ಕೊಠಡಿಯಿಂದ ಆ ಸ್ಥಳಕ್ಕೆ ಮನೆಯವರೆಲ್ಲರೂ ಒಮ್ಮೆ ಮೆಟ್ಟಿಲ ದಾರಿಯಲ್ಲಿಯೇ ನಡೆದುನೋಡಿದರೆ ಇನ್ನೂ ಒಳ್ಳೆಯದು. ಆಪತ್ಕಾಲದಲ್ಲಿ ಲಿಫ್ಟನ್ನು ನಂಬುವಂತಿಲ್ಲ.

ಹೊರಡುವುದಕ್ಕೆ ಒಂದು ವಾರ ಮುಂಚೆ ಮನೆಯ ಯಜಮಾನರೂ ಯಜಮಾನಿಯೂ ಒಂದು ಸಂಜೆ ಕುಳಿತು ಹೆಸರು, ಕಾಲ, ಗಂಟು, ಜನ ಎಂಬ ಈ ನಾಲ್ಕನ್ನು ಒಂದೊಂದಾಗಿ ಪರೀಕ್ಷಿಸಲಿ. ಅದಕ್ಕೆ ಹಿಡಿಯುವುದು ಒಂದು ಗಂಟೆ. ಅದರಿಂದ ಉಳಿಯುವುದು ಹಲವು ತಿಂಗಳ ಉಳಿತಾಯ. ಐದನೆಯದಾದ ಅಭ್ಯಾಸವನ್ನು ಹಡಗಿನಲ್ಲಿ ಮುಗಿಸಿದ ಮೇಲೆ ಅವರು ನಿಶ್ಚಿಂತರಾಗಿ ಮೇಲಟ್ಟಕ್ಕೆ ಹೋಗಿ, ದಡವು ಹಿಂದೆ ಸರಿಯುವುದನ್ನು ಮಕ್ಕಳಿಗೆ ತೋರಿಸಲಿ.