ಹಾಡು ಹಳತಾಗಲಿಲ್ಲ, ಯಂತ್ರವೇಕೆ ಹಳತಾಯಿತು?

ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಕಥನದೊಡನೆ ನುಡಿಯುವ ಗಣೆ ಬಿದಿರಿನ ಉದ್ದನೆಯ ಕೊಳಲು. ತಂದೆ ನುಡಿಸಿದ ಗಣೆಯನ್ನು ಮಗನೂ ನುಡಿಸಬಲ್ಲ. ‘ಇದು ಹಳೆಯ ಆವೃತ್ತಿ, ಇನ್ನು ಮುಂದೆ ನಿನ್ನ ಉಸಿರನ್ನು ಸ್ವೀಕರಿಸುವುದಿಲ್ಲ’ ಎಂದು ಯಾವ ಬಿದಿರುಮೆಳೆಯೂ ಹೇಳಿದ್ದಿಲ್ಲ. ಆದರೆ ಅದೇ ಗಣೆಯ ನಾದವನ್ನು ಹಿಡಿದಿಡುವ ಗಣಕಯಂತ್ರ ಹತ್ತು ವರ್ಷ ತುಂಬುವುದರೊಳಗೆ ನಿರುಪಯುಕ್ತವೆನಿಸಿಕೊಳ್ಳುತ್ತದೆ. ಕೆಟ್ಟುಹೋದುದರಿಂದಲ್ಲ, ಕಂಪನಿ ಕೈಬಿಟ್ಟುದರಿಂದ.

ತಾಳ್ಯದಂಥ ಊರಿನಲ್ಲಿ ಸೋಬಾನೆ ಪದವನ್ನೋ ಭಜನೆಯನ್ನೋ ಧ್ವನಿಮುದ್ರಿಸುವವನಿಗೆ ಬೇಕಾದುದೇನು? ಧ್ವನಿಯನ್ನು ಕತ್ತರಿಸುವುದು, ಜೋಡಿಸುವುದು, ಗಾಳಿಯ ಸದ್ದನ್ನು ತಗ್ಗಿಸುವುದು, ಏರಿಳಿತವನ್ನು ಸರಿದೂಗಿಸುವುದು. ಇಷ್ಟನ್ನೂ ಇಪ್ಪತ್ತು ವರ್ಷಗಳ ಹಿಂದಿನ ಕೂಲ್ ಎಡಿಟ್ ತಂತ್ರಾಂಶ ಮಾಡುತ್ತಿತ್ತು, ಇಂದಿಗೂ ಮಾಡಬಲ್ಲುದು. ಅದನ್ನೇ ನೆಚ್ಚಿಕೊಂಡವರನ್ನು ಕಾಲಕ್ಕೆ ಹಿಂದುಳಿದವರೆಂದು ಗೇಲಿ ಮಾಡುವುದು ರೂಢಿಯಾಗಿದೆ. ಕೈಗೆ ಒಗ್ಗಿದ ಕುಡುಗೋಲನ್ನು ಹಣಿದು ಹಣಿದು ಬಳಸುವ ರೈತ ಹಿಂದುಳಿದವನೆ? ಅದು ಮಿತವ್ಯಯದ ವಿವೇಕ.

ಗೇಲಿಗೆ ಪಾತ್ರವಾಗಬೇಕಾದುದು ಕಂಪನಿಗಳ ನಡವಳಿಕೆ. 2002ರಲ್ಲಿ ಆಪಲ್ ಕಂಪನಿಯು ಎಮ್ಯಾಜಿಕ್ ಅನ್ನು ಕೊಂಡು, ಲಾಜಿಕ್ ತಂತ್ರಾಂಶದ ವಿಂಡೋಸ್ ಆವೃತ್ತಿಯನ್ನೇ ನಿಲ್ಲಿಸಿತು. 2003ರಲ್ಲಿ ಕೂಲ್ ಎಡಿಟ್ ಅಡೋಬಿಯ ಪಾಲಾಗಿ ಆಡಿಷನ್ ಎಂಬ ಹೆಸರು ತಳೆಯಿತು. 2013ರಿಂದ ಅಡೋಬಿಯು ತನ್ನ ಹೊಸ ಆವೃತ್ತಿಗಳನ್ನು ಚಂದಾದ ಕಟ್ಟಿಗೆ ಒಳಪಡಿಸಿತು. 2017ರಲ್ಲಿ ಗಿಬ್ಸನ್ ಕೇಕ್‌ವಾಕ್ ಅನ್ನು ನಡುನೀರಿನಲ್ಲಿ ಕೈಬಿಟ್ಟಿತು. ಹಳೆಯ ಕ್ಯೂಬೇಸ್ ಮತ್ತು ನುಯೆಂಡೊಗಳಿಗೆ ಬೀಗದಕೈಯಂತಿದ್ದ ಯುಎಸ್‌ಬಿ ಕೀಲಿಯ ಸೇವೆಯನ್ನು ಸ್ಟೈನ್‌ಬರ್ಗ್ 2025ರ ಮೇ ತಿಂಗಳಲ್ಲಿ ಮುಚ್ಚಿತು. ಕೀಲಿ ಇರುವಷ್ಟು ದಿನ ಕೆಲಸ ನಡೆದೀತು. ಅದು ಮುರಿದರೆ, ಹಣ ತೆತ್ತು ಕೊಂಡ ತಂತ್ರಾಂಶದ ಬಾಗಿಲು ತೆರೆಯದು. ನೇಗಿಲು ಮಾರಿದವನು ಅದರ ಕುಳವನ್ನು ತನ್ನ ಬಳಿಯೇ ಇಟ್ಟುಕೊಂಡರೆ ಅದಕ್ಕೆ ವ್ಯಾಪಾರವೆನ್ನಬಹುದೆ?

ಇದು ಸಂಗೀತಗಾರರ ಖಾಸಗಿ ಗೋಳು ಮಾತ್ರವಲ್ಲ. ಪರದೆಯ ಸಮೇತ ಒಂದು ಗಣಕಯಂತ್ರ ತಯಾರಿಸಲು 240 ಕಿಲೋ ಪಳೆಯುಳಿಕೆ ಇಂಧನ, 22 ಕಿಲೋ ರಾಸಾಯನಿಕ, 1500 ಕಿಲೋ ನೀರು ಬೇಕೆಂದು ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದ ಅಧ್ಯಯನ 2004ರಲ್ಲೇ ತಿಳಿಸಿತ್ತು. 2022ರಲ್ಲಿ ಜಗತ್ತು ಸೃಷ್ಟಿಸಿದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಗೊಂಡು ಮರುಬಳಕೆಯಾದುದು ಶೇ. 22.3 ಮಾತ್ರ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. ಇದರಿಂದ 24 ಕೋಟಿ ಗಣಕಯಂತ್ರಗಳು ಕಸವಾಗಬಹುದೆಂದು ಕೆನಾಲಿಸ್ ಸಂಸ್ಥೆ 2023ರಲ್ಲೇ ಅಂದಾಜಿಸಿತ್ತು.

ಆ ಯಂತ್ರಗಳ ತಾಮ್ರ, ಕಬ್ಬಿಣ ಯಾವುದೋ ಬೆಟ್ಟದ ಒಡಲಿನಿಂದ ಬಂದವು. ಇಂಗಳದಾಳಿನ ತಾಮ್ರದ ಗಣಿಯನ್ನೂ ಭೀಮಸಮುದ್ರದ ಆಸುಪಾಸಿನ ಅದಿರಿನ ಧೂಳನ್ನೂ ಕಂಡ ಚಿತ್ರದುರ್ಗದ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಬ್ಬಿಣದ ಅದಿರಿನ ಗಣಿಗಾರಿಕೆ ನಿಲ್ಲಿಸಲು 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಮಧ್ಯೆ ಪ್ರವೇಶಿಸಬೇಕಾಯಿತು. ಬಳಕೆಗೆ ಬರುವ ಯಂತ್ರವನ್ನು ಎಸೆಯುವ ಪ್ರತಿಯೊಬ್ಬರೂ ಇನ್ನೊಂದು ಬೆಟ್ಟಕ್ಕೆ ಗುದ್ದಲಿಯ ಏಟು ಹಾಕುತ್ತಿದ್ದಾರೆ.

ಹಳೆಯ ಯಂತ್ರ ಸುರಕ್ಷಿತವಲ್ಲ ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಅಪಾಯ ಬರುವುದು ಮುಖ್ಯವಾಗಿ ಅಂತರಜಾಲದಿಂದ. ಹಾಡು ಮುದ್ರಿಸಲು ಅಂತರಜಾಲವೇ ಬೇಕಿಲ್ಲ. ಸಂಪರ್ಕ ಕಿತ್ತರೆ ಆ ಭಯ ಬಹುಪಾಲು ನೀಗುತ್ತದೆ.

ಇನ್ನೊಂದು ಅಪಾಯ ನಿಷ್ಠಾವಂತರದೇ. ಒಂದೇ ತಂತ್ರಾಂಶಕ್ಕೆ ಅರ್ಥವಾಗುವ ಕಡತದಲ್ಲಿ ಹಾಡನ್ನು ಬಿಟ್ಟರೆ, ಯಂತ್ರ ಸತ್ತ ದಿನ ಹಾಡೂ ಸಾಯುತ್ತದೆ. ಚಳ್ಳಕೆರೆ ಸೀಮೆಯ ಸಿರಿಯಜ್ಜಿ ಸಾವಿರಾರು ಪದಗಳನ್ನು ನೆನಪಿನಲ್ಲೇ ಹೊತ್ತಿದ್ದರು. ಅಂಥ ಅಜ್ಜಿಯರು ಇನ್ನೆಷ್ಟು ದಿನ ಸಿಕ್ಕಾರು? ಅವರ ದನಿ ಒಂದು ಕಂಪನಿಯ ಬೀಗದೊಳಗೆ ಕೊಳೆಯಬಾರದು. ನಿಷ್ಠೆ ಉಪಕರಣಕ್ಕಿರಲಿ, ಕಂಪನಿಗಲ್ಲ. ಉಪಕರಣಕ್ಕಿಂತಲೂ ಹೆಚ್ಚಾಗಿ ಹಾಡಿಗಿರಲಿ.

ದಾರಿಗಳಿವೆ. 2000ದಲ್ಲಿ ಬಿಡುಗಡೆಯಾದ ಅಡಾಸಿಟಿ ಮುಕ್ತ ತಂತ್ರಾಂಶ. ಅದರ ಹಳೆಯ ಆವೃತ್ತಿಗಳೂ ಉಚಿತವಾಗಿ ದೊರೆಯುತ್ತವೆ. ಪರವಾನಗಿಯ ಬೆಲೆ ತೆರಲಾರದೆ ಕದ್ದ ಪ್ರತಿಗೆ ಮೊರೆಹೋಗುವ ಸಂಕಟಕ್ಕೂ ಅದೇ ಮದ್ದು. 1991ರಿಂದ ಬಳಕೆಯಲ್ಲಿರುವ ವೇವ್ ಮಾದರಿಯ ಕಡತವನ್ನು ಹಳೆಯ ತಂತ್ರಾಂಶವೂ ಹೊಸದೂ ಓದಬಲ್ಲವು. ಪ್ರತಿ ಹಾಡನ್ನೂ ಆ ಮಾದರಿಯಲ್ಲಿ, ಎರಡು ಬೇರೆ ಬೇರೆ ಕಡೆ ಉಳಿಸಿಡಬೇಕು. ಹಾಡಿದವರ ಹೆಸರು, ಊರು, ದಿನಾಂಕಗಳನ್ನು ಕಾಗದದ ಮೇಲೂ ಬರೆದಿಡಬೇಕು.

ಶಾಲೆಯ ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಗಣಕಯಂತ್ರವನ್ನು ಗುಜರಿಗೆ ಹಾಕುವ ಮುನ್ನ ವಿದ್ಯಾರ್ಥಿಗಳು ಒಮ್ಮೆ ಅದರ ಗುಂಡಿ ಒತ್ತಿ ನೋಡಲಿ. ಅದು ಎದ್ದುನಿಂತರೆ, ಮೊದಲು ಕೇಳಿಸಬೇಕಾದುದು ಊರಿನ ಅಜ್ಜಿಯ ದನಿ.