ವಕೀಲರ ಬಾಗಿಲು ತೋರಿಸುವುದು ಪಾಪವೇ?

ವಿಚ್ಛೇದನ ಎಂಬ ಪದ ಕಿವಿಗೆ ಬಿದ್ದೊಡನೆ ನಮ್ಮ ಧರ್ಮಕೇಂದ್ರಗಳಲ್ಲಿ ಮೌನ ಆವರಿಸುತ್ತದೆ. ವಿವಾಹಬಂಧನ ಅವಿಚ್ಛಿನ್ನವೆಂಬ ಪ್ರಭುವಿನ ಬೋಧನೆಯಲ್ಲಿ ನಮಗಾರಿಗೂ ಸಂಶಯವಿಲ್ಲ. ಆದರೆ ಆ ಬೋಧನೆಯ ಮರೆಯಲ್ಲಿ ನಮ್ಮ ಉದಾಸೀನವನ್ನು ಅಡಗಿಸಿಡುವುದು ಯಾವ ಧರ್ಮ?

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಹಳ್ಳಿಗಳಲ್ಲಿ ಕ್ರೈಸ್ತ ಕುಟುಂಬಗಳು ವಿರಳ. ಗಂಡನ ಹೊಡೆತ ತಾಳಲಾರದೆ ಮಕ್ಕಳೊಡನೆ ತವರಿಗೆ ಮರಳಿದ ಹೆಣ್ಣುಮಗಳಿಗೆ ನಾವು ಹೇಳುವ ಮಾತು ಒಂದೇ: "ತಾಳಿಕೋ ತಂಗಿ, ಪ್ರಾರ್ಥಿಸು." ಆಮೇಲೆ ಅವಳು ಎಲ್ಲಿಗೆ ಹೋಗಬೇಕು? ಕ್ರೈಸ್ತರ ವಿಚ್ಛೇದನದ ಅರ್ಜಿಯನ್ನು ವಿಚಾರಿಸುವುದು ಜಿಲ್ಲಾ ನ್ಯಾಯಾಲಯ ಅಥವಾ ಕೌಟುಂಬಿಕ ನ್ಯಾಯಾಲಯ. ಧಾರವಾಡ, ಹುಬ್ಬಳ್ಳಿಗಳಲ್ಲಿ ಗುರುತಿನವರಿಲ್ಲದ ಅವಳು ದಲ್ಲಾಳಿಯ ಕೈಗೆ ಸಿಕ್ಕಿ, ಕಿವಿಯೋಲೆ ಒತ್ತೆಯಿಟ್ಟು, ಖಾಲಿ ಹಾಳೆಗೆ ಸಹಿ ಹಾಕಿದರೆ ಆ ಪಾಪದಲ್ಲಿ ನಮಗೂ ಪಾಲಿದೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮನ್ನು ಕುರಿತೇ ಹುಟ್ಟಿದಂತಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ, ಆದಾಯ ಎಷ್ಟೇ ಇರಲಿ, ಪ್ರತಿಯೊಬ್ಬ ಮಹಿಳೆಗೂ ಉಚಿತ ವಕೀಲರ ನೆರವು ಪಡೆಯುವ ಹಕ್ಕಿದೆ. ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಬಹುದು. 15100 ಸಂಖ್ಯೆಗೆ ಕರೆ ಮಾಡಬಹುದು. ಇದನ್ನು ಎಷ್ಟು ಪ್ರಬೋಧನೆಗಳಲ್ಲಿ ನೀವು ಕೇಳಿದ್ದೀರಿ?

ಸ್ವಂತ ಖರ್ಚಿನಲ್ಲಿ ವಕೀಲರನ್ನು ನೇಮಿಸುವವರಿಗೂ ವಿವೇಕ ಬೇಕು. ನಮಗೆ ಅನ್ವಯಿಸುವುದು 1869ರ ವಿಚ್ಛೇದನ ಕಾಯ್ದೆ. ವಕೀಲರ ಮುಂದೆ ನಿತ್ಯ ಬರುವ ಪ್ರಕರಣಗಳಾದರೋ ಬಹುಪಾಲು 1955ರ ಹಿಂದೂ ವಿವಾಹ ಕಾಯ್ದೆಯವು. ಆದ್ದರಿಂದ "ಕ್ರೈಸ್ತರ ಪ್ರಕರಣ ನಡೆಸಿದ್ದೀರಾ?" ಎಂದು ಮೊದಲೇ ಕೇಳಿರಿ. ಬರಿಯ ಕ್ರೌರ್ಯದ ಆಧಾರದ ಮೇಲೆ ಕ್ರೈಸ್ತ ಪತ್ನಿಗೆ ವಿಚ್ಛೇದನ ಸಿಗುವಂತಾದದ್ದು 2001ರ ತಿದ್ದುಪಡಿಯಿಂದ. ಅದನ್ನು ಅರಿಯದವರು ದಾರಿ ತಪ್ಪಿಸಿಯಾರು. ಕೊಟ್ಟ ಹಣಕ್ಕೆ ರಸೀದಿ ಪಡೆಯಿರಿ. ಓದದೆ ವಕಾಲತ್ತಿಗೆ ಸಹಿ ಹಾಕಬೇಡಿರಿ. ಬರುವ ಪರಿಹಾರದಲ್ಲಿ ಪಾಲು ಕೇಳುವುದನ್ನು ವಕೀಲರ ಪರಿಷತ್ತಿನ ನಿಯಮಗಳೇ ನಿಷೇಧಿಸಿವೆ.

ಇನ್ನೊಂದು ಗೊಂದಲವೂ ಹರಿಯಬೇಕು. ಧರ್ಮಸಭೆಯ ನ್ಯಾಯಮಂಡಳಿ ವಿವಾಹವನ್ನು ಅಸಿಂಧುವೆಂದು ಘೋಷಿಸಿದರೆ ಸಾಕು, ಕೋರ್ಟು ಬೇಡವೆಂದು ನಂಬಿ ಮರುಮದುವೆಯಾದವರು ಕಾನೂನಿನ ಕಣ್ಣಿನಲ್ಲಿ ಅಪರಾಧಿಗಳಾಗಬಹುದು. ಆ ಘೋಷಣೆಗೆ ಮಾನ್ಯತೆ ಕೋರಿ ದಕ್ಷಿಣ ಕನ್ನಡದ ಕಥೋಲಿಕ ಮುಖಂಡ ಕ್ಲಾರೆನ್ಸ್ ಪಾಯಸ್ ಸಲ್ಲಿಸಿದ್ದ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯ 2017ರ ಜನವರಿಯಲ್ಲಿ ತಳ್ಳಿಹಾಕಿತು. ಅಂತೆಯೇ ಕೋರ್ಟಿನ ತೀರ್ಪು ಸಂಸ್ಕಾರದ ಬಂಧವನ್ನು ಬಿಡಿಸುವುದಿಲ್ಲ. ಬಾಗಿಲುಗಳು ಎರಡು, ಒಂದರ ಕೀಲಿ ಇನ್ನೊಂದನ್ನು ತೆರೆಯದು.

"ಗುರುಗಳೇ ವಿಚ್ಛೇದನಕ್ಕೆ ದಾರಿ ತೋರಿಸುವುದೇ?" ಎಂದು ಹುಬ್ಬೇರಿಸುವವರು ಧರ್ಮೋಪದೇಶವನ್ನು ತೆರೆದು ನೋಡಲಿ. ನ್ಯಾಯಬದ್ಧ ಹಕ್ಕು, ಮಕ್ಕಳ ಪಾಲನೆ, ಆಸ್ತಿಯ ರಕ್ಷಣೆಗೆ ಬೇರೆ ಉಪಾಯವೇ ಇಲ್ಲದಾಗ ಸಿವಿಲ್ ವಿಚ್ಛೇದನವನ್ನು ಸಹಿಸಬಹುದೆಂದು 2383ನೆಯ ಪರಿಚ್ಛೇದ ತಿಳಿಸುತ್ತದೆ. ಹಾಗೆ ವಿಚ್ಛೇದನ ಪಡೆದು ಮರುಮದುವೆಯಾಗದೆ ಬಾಳುವವಳನ್ನು ಪರಮಪ್ರಸಾದದಿಂದ ದೂರವಿಡಲು ಆ ತೀರ್ಪು ಕಾರಣವಾಗದು. ಅವಳನ್ನು ದೂರವಿಡುವುದು ನಮ್ಮ ಪಿಸುಮಾತು ಮಾತ್ರ.

ಒಡೆದ ಮನೆಯನ್ನು ಕೂಡಿಸಲು ನಾವು ಮೊದಲು ಶ್ರಮಿಸೋಣ. ಆದರೆ ಜೀವಕ್ಕೇ ಅಪಾಯವಿರುವಲ್ಲಿ ರಾಜಿಯನ್ನು ಹೇರುವುದು ಶಾಂತಿಸ್ಥಾಪನೆಯಲ್ಲ, ಕ್ರೌರ್ಯಕ್ಕೆ ಕೊಟ್ಟ ಸಮ್ಮತಿ. ಪ್ರತಿ ಧರ್ಮಕೇಂದ್ರದ ಸೂಚನಾ ಫಲಕದಲ್ಲಿ ಕಾನೂನು ಸೇವಾ ಸಮಿತಿಯ ವಿಳಾಸವಿರಲಿ. ಮೊದಲ ದಿನ ಕಚೇರಿಯವರೆಗೆ ಅವಳ ಜೊತೆ ಬಸ್ಸು ಹತ್ತಲು ಒಬ್ಬರಾದರೂ ಸಿದ್ಧರಿರಲಿ. ಲೂಕನ ಶುಭಸಂದೇಶದ ವಿಧವೆ ಅನ್ಯಾಯಗಾರ ನ್ಯಾಯಾಧಿಪತಿಯ ಮುಂದೆ ಒಂಟಿಯಾಗಿ ನಿಂತಳು. ನಮ್ಮ ಊರಿನವಳೂ ಒಂಟಿಯಾಗಿಯೇ ನಿಲ್ಲಬೇಕೇ?