ಬಣ್ಣದ ಕಡ್ಡಿಗೆ ಬೀಗ ಯಾಕೆ ಸ್ವಾಮಿ?

ಜೂನ್ ಬಂತೆಂದರೆ ಮುಂಬಯಿಯಲ್ಲಿ ಮಳೆ, ಕೊಡೆ, ಜೊತೆಗೆ ಶಾಲೆಯ ಪಟ್ಟಿ. ಜೂನಿಯರ್ ಕೆಜಿಗೆ ಹೋಗುವ ನನ್ನ ಮೊಮ್ಮಗಳ ಶಾಲೆಯವರು ಕೊಟ್ಟ ಪಟ್ಟಿ ನೋಡಿ: 12 ಬಣ್ಣದ ಮೇಣದ ಕಡ್ಡಿ ಎರಡು ಡಬ್ಬಿ, ಪೆನ್ಸಿಲ್ ಒಂದು ಡಜನ್, ರಬ್ಬರ್ ಆರು, ಅಂಟಿನ ಬಾಟಲಿ ಎರಡು, ಮೊಂಡು ಕತ್ತರಿ ಒಂದು, ಬಣ್ಣದ ಕಾಗದ, ಕ್ಲೇ, ಟಿಶ್ಯೂ. ಪ್ರತಿಯೊಂದರ ಮೇಲೂ ಮಗುವಿನ ಹೆಸರು, ರೋಲ್ ನಂಬರ್ ಇರುವ ಚೀಟಿ ಅಂಟಿಸಬೇಕಂತೆ. ಡಬ್ಬಿಗಲ್ಲ, ಒಂದೊಂದು ಕಡ್ಡಿಗೂ!

ಅಂಟಿಸಿ ಕೊಟ್ಟೆವು ಅನ್ನಿ. ಆ ಸಾಮಾನೆಲ್ಲ ಹೋಗಿ ಕೂತದ್ದು ಎಲ್ಲಿ? ಆರಡಿ ಎತ್ತರದ ಉಕ್ಕಿನ ಕಪಾಟಿನಲ್ಲಿ. ಅದಕ್ಕೊಂದು ಬೀಗ. ಬೀಗದ ಕೈ ಟೀಚರ್ ಪರ್ಸಿನಲ್ಲಿ. ನಾಲ್ಕು ವರ್ಷದ ಮಗುವಿನ ಎತ್ತರ ಮೂರಡಿ ಚಿಲ್ಲರೆ. ವಾರಕ್ಕೆರಡು ದಿನ "ಡ್ರಾಯಿಂಗ್ ಪೀರಿಯಡ್" ಬಂದಾಗ ಬೀಗ ತೆಗೆಯುತ್ತದೆ, ಹೆಸರು ಓದಿ ಹಂಚುತ್ತಾರೆ, ಅರ್ಧ ಗಂಟೆಯಲ್ಲಿ ಎಣಿಸಿ ವಾಪಸ್ ತೆಗೆದುಕೊಳ್ಳುತ್ತಾರೆ. ಹಂಚಿ ಎಣಿಸುವುದರಲ್ಲೇ ಅರ್ಧ ಸಮಯ ಹೋಗಿರುತ್ತದೆ. ಇದನ್ನೇ ನಾವು ಶಿಸ್ತು ಅಂತೇವೆ!

ಈ ಬೀಗದ ಕಥೆ ಇವತ್ತಿನದಲ್ಲ. 1907ರಲ್ಲಿ ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಮರಿಯಾ ಮಾಂಟೆಸರಿ ಮಕ್ಕಳ ಮನೆ ತೆರೆದಾಗ ಅಲ್ಲಿಯೂ ಸಾಮಾನು ಬೀಗ ಹಾಕಿದ ಕಪಾಟಿನಲ್ಲೇ ಇತ್ತು. ಒಂದು ದಿನ ಟೀಚರ್ ತಡವಾಗಿ ಬಂದಳು. ಹಿಂದಿನ ದಿನ ಬೀಗ ಹಾಕಲು ಮರೆತಿದ್ದಳು. ಬಂದು ನೋಡಿದರೆ ಮಕ್ಕಳು ತಾವೇ ಬೇಕಾದ್ದು ತೆಗೆದುಕೊಂಡು ಕೆಲಸಕ್ಕೆ ಕೂತಿದ್ದಾರೆ. ಟೀಚರ್ ಅದನ್ನು ಕಳ್ಳತನ ಅಂದುಕೊಂಡಳು. ಮಾಂಟೆಸರಿಗೆ ಕಂಡದ್ದೇ ಬೇರೆ: ಯಾವುದು ಏನು ಅಂತ ಮಕ್ಕಳಿಗೆ ಗೊತ್ತಾಗಿದೆ, ಆರಿಸಿಕೊಳ್ಳಲು ಬಿಡಬೇಕು. ಎತ್ತರದ ಕಪಾಟು ಹೋಗಿ ಮಕ್ಕಳ ಕೈಗೆಟುಕುವ ಗಿಡ್ಡ ಕಪಾಟು ಬಂತು. ಆಕೆ 1939ರಲ್ಲಿ ಮದ್ರಾಸಿನ ಅಡ್ಯಾರ್‌ಗೆ ಬಂದು ಯುದ್ಧಕಾಲದ ವರ್ಷಗಳನ್ನೆಲ್ಲ ನಮ್ಮ ದೇಶದಲ್ಲೇ ಕಳೆದು ಟೀಚರುಗಳಿಗೆ ತರಬೇತಿ ಕೊಟ್ಟರು. ಅವರ ಹೆಸರನ್ನು ಬೋರ್ಡಿಗೆ ಬರೆಸಿಕೊಂಡ ಶಾಲೆಗಳು ಗಲ್ಲಿಗೊಂದು ಇವೆ. ಕಪಾಟು ಮಾತ್ರ ಹಳೆಯದೇ.

ನಮ್ಮ ಹತ್ತಿರದ ಉದಾಹರಣೆ ಬೇಕಾ? ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಶುರು ಮಾಡಿದರು. ಅವರ ಜೊತೆ ಕೆಲಸ ಮಾಡಿದ ತಾರಾಬಾಯಿ ಮೋಡಕ್ 1945ರಲ್ಲಿ ಮುಂಬಯಿಯಿಂದ ದೂರವಲ್ಲದ ಬೋರ್ಡಿಯಲ್ಲಿ ಹಳ್ಳಿಮಕ್ಕಳ ಶಿಕ್ಷಣ ಕೇಂದ್ರ ಕಟ್ಟಿದರು. ದುಬಾರಿ ಸಾಮಾನಿನ ಬದಲು ಊರಲ್ಲಿ ಸಿಗುವ ಬೀಜ, ಕಪ್ಪೆಚಿಪ್ಪು, ಎಲೆ, ಕಲ್ಲು. ಅಂಗಳದಲ್ಲೇ ಮಕ್ಕಳ ಶಾಲೆ, ಅದೇ ಅಂಗನವಾಡಿ. ಅಂದರೆ ಇದು ಶ್ರೀಮಂತರ ಶೋಕಿ ಅಂತ ಯಾರೂ ಹೇಳುವಂತಿಲ್ಲ.

ಈಗ ಲೆಕ್ಕಕ್ಕೆ ಬನ್ನಿ. 30 ಮಕ್ಕಳು, ತಲೆಗೆ 24 ಕಡ್ಡಿ, ಒಟ್ಟು 720. ಐದು ಮಕ್ಕಳಿಗೆ ಒಂದು ತಟ್ಟೆ, ತಟ್ಟೆಯಲ್ಲಿ ಪ್ರತಿ ಬಣ್ಣದ ಎರಡೆರಡು ಕಡ್ಡಿ ಇಟ್ಟರೆ ಆರು ತಟ್ಟೆಗೆ 144 ಸಾಕು. ಉಳಿದ 576 ಮೇಲಿನ ಕಪಾಟಿನಲ್ಲಿರಲಿ, ಮುಗಿದಂತೆ ಕೆಳಗೆ ಬರಲಿ. ಎರಡೂವರೆ ಅಡಿಯ ತೆರೆದ ಶೆಲ್ಫು, ಅದರ ಮೇಲೆ ಮೊಸರಿನ ಡಬ್ಬಿ, ಬಿಸ್ಕತ್ತಿನ ಟಿನ್ನು. ಡಬ್ಬಿಯ ಮೇಲೆ ಒಳಗಿರುವ ವಸ್ತುವಿನ ಚಿತ್ರ, ಅದೇ ಚಿತ್ರ ಶೆಲ್ಫಿನ ಜಾಗದಲ್ಲೂ. ಮಗು ತೆಗೆದುಕೊಂಡದ್ದನ್ನು ಚಿತ್ರ ನೋಡಿ ಅಲ್ಲೇ ಇಡುತ್ತದೆ. ಓದು ಬರಬೇಕಿಲ್ಲ. ಮನೆಯಲ್ಲಿ ಕನ್ನಡ, ತುಳು, ಮರಾಠಿ, ಗುಜರಾತಿ, ಭೋಜಪುರಿ ಮಾತಾಡುವ ಮಕ್ಕಳು ಒಂದೇ ಚಾಪೆ ಮೇಲೆ ಕೂರುವ ಈ ಊರಲ್ಲಿ ಇಂಗ್ಲಿಷ್ ಚೀಟಿ ಯಾರಿಗೆ ಬೇಕು? ಚಿತ್ರ ಎಲ್ಲರಿಗೂ ಅರ್ಥವಾಗುತ್ತೆ.

ಎಲ್ಲವನ್ನೂ ಕೈಗೆಟುಕುವಂತೆ ಇಡಿ ಅಂತ ನಾನು ಹೇಳುತ್ತಿಲ್ಲ. ಫಿನಾಯಿಲ್, ಟೀಚರ್ ಬಳಸುವ ಚೂಪು ಕತ್ತರಿ, ಗುಂಡುಪಿನ್ನು ಬೀಗದೊಳಗೇ ಇರಲಿ. ಬಾಯಿಗೆ ಹೋಗುವ ಸಣ್ಣ ಮಣಿ ಟೀಚರ್ ಎದುರಲ್ಲೇ ಹೊರಬರಲಿ. ಅಂಟನ್ನು ಚಿಕ್ಕ ಬಟ್ಟಲಲ್ಲಿ ದಿನದಷ್ಟೇ ಹಾಕಿಡಲಿ.

ಮಕ್ಕಳು ಮುರಿಯುತ್ತಾರೆ, ಚೆಲ್ಲುತ್ತಾರೆ ಅನ್ನುವವರಿಗೆ ಒಂದು ಮಾತು. ಹೌದು, ಮೊದಲ ಎರಡು ವಾರ ಗಲಾಟೆಯೇ. ಒಂದೇ ದಿನ ಎಲ್ಲ ಡಬ್ಬಿ ಇಡಬೇಡಿ, ದಿನಕ್ಕೊಂದರಂತೆ ಪರಿಚಯ ಮಾಡಿಸಿ. ಮುರಿದ ಕಡ್ಡಿಯೂ ಬಣ್ಣ ಹಚ್ಚುತ್ತದೆ ಸ್ವಾಮಿ! ಪುಟ್ಟ ಬೆರಳಿಗೆ ತುಂಡೇ ಚೆನ್ನಾಗಿ ಕೂರುತ್ತದೆ. ಟೀಚರನ್ನು ಬೈದು ಪ್ರಯೋಜನವಿಲ್ಲ. ಒಂದು ಕತ್ತರಿ ಕಳೆದರೆ ಆಕೆಯಿಂದ ಉತ್ತರ ಕೇಳುವ ಆಡಳಿತ, "ನನ್ನ ಮಗುವಿನ ನೀಲಿ ಕಡ್ಡಿ ಎಲ್ಲಿ?" ಅಂತ ವಾಟ್ಸಾಪಿನಲ್ಲಿ ಜಗಳ ತೆಗೆಯುವ ಅಪ್ಪ ಅಮ್ಮಂದಿರು, ಇಬ್ಬರೂ ಸೇರಿ ಹಾಕಿಸಿದ ಬೀಗ ಅದು.

ಆ ಹೆಸರಿನ ಚೀಟಿಯೇ ನನಗೆ ಹೆಚ್ಚು ನೋವು ಕೊಡುವುದು. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳಲ್ಲಿ 25% ಸೀಟು ಬಡ ಮತ್ತು ಹಿಂದುಳಿದ ಮಕ್ಕಳಿಗೆ ಕೊಡಬೇಕು ಅನ್ನುತ್ತದೆ. ಪ್ರವೇಶ ಪೂರ್ವ ಪ್ರಾಥಮಿಕದಿಂದಲೇ ಇದ್ದರೆ ಅಲ್ಲಿಗೂ ಇದು ಅನ್ವಯ. ಒಂದೇ ಬೆಂಚಿನಲ್ಲಿ ಒಬ್ಬಳ ಮುಂದೆ 48 ಬಣ್ಣದ ಡಬ್ಬಿ, ಪಕ್ಕದವನ ಮುಂದೆ ಆರು ಗಿಡ್ಡ ಕಡ್ಡಿ, ಎರಡಕ್ಕೂ ಹೆಸರು. ನಾಲ್ಕು ವರ್ಷದ ಮಗುವಿಗೆ ಅಕ್ಷರ ಬರುವುದಕ್ಕಿಂತ ಮೊದಲೇ ತಾನು ಯಾರು, ಪಕ್ಕದವನು ಯಾರು ಅಂತ ಕಲಿಸಿದ ಹಾಗಾಯಿತು. ಕಾನೂನು ಒಟ್ಟಿಗೆ ಕೂರಿಸಿದ ಮಕ್ಕಳನ್ನು ನಾವು ಚೀಟಿ ಅಂಟಿಸಿ ಬೇರೆ ಮಾಡುತ್ತಿದ್ದೇವೆ.

ಸರಕಾರವೂ ಸುಮ್ಮನೆ ಕೂತಿಲ್ಲ. 2020ರ ಶಾಲಾ ಚೀಲ ನೀತಿ ಪೂರ್ವ ಪ್ರಾಥಮಿಕಕ್ಕೆ ಚೀಲವೇ ಬೇಡ ಅಂದಿತು. 2023ರ ಫೆಬ್ರವರಿಯಲ್ಲಿ 3ರಿಂದ 8 ವರ್ಷದವರಿಗಾಗಿ ಆಟಿಕೆ, ಗೊಂಬೆ, ಒಗಟು, ಚಿತ್ರಕಾರ್ಡು ತುಂಬಿದ "ಜಾದೂಯಿ ಪಿಟಾರಾ" ಬಂತು. ಒಳ್ಳೆಯದೇ. ಆದರೆ ಪೆಟ್ಟಿಗೆ ಎಷ್ಟೇ ಜಾದೂವಿನದಾದರೂ ಕಪಾಟಿನೊಳಗೆ ಬೀಗ ಬಿದ್ದರೆ ಅದು ಬರೀ ಪೆಟ್ಟಿಗೆ.

ನಮ್ಮ ಕನ್ನಡ ಸಂಘಗಳಿಗೂ ಒಂದು ವಿನಂತಿ. ಪ್ರತಿ ವರ್ಷ ಮಕ್ಕಳಿಗೆ ಪುಸ್ತಕ, ಕಂಪಾಸ್ ಪೆಟ್ಟಿಗೆ ಹಂಚುತ್ತೀರಿ. ಮಗುವನ್ನು ವೇದಿಕೆಗೆ ಕರೆದು, ಕೈಗೆ ಕೊಟ್ಟು, ಫೋಟೋ ಹೊಡೆಸುತ್ತೀರಿ. ಚಿಕ್ಕ ಮಕ್ಕಳ ಮಟ್ಟಿಗಾದರೂ ಅದನ್ನು ಬಿಡಿ. ಅದೇ ದುಡ್ಡಿನಲ್ಲಿ ಒಂದು ಬಾಲವಾಡಿಗೆ ಗಿಡ್ಡ ಶೆಲ್ಫು, ಆರು ತಟ್ಟೆ, ವರ್ಷಕ್ಕಾಗುವಷ್ಟು ಕಡ್ಡಿ ಕೊಡಿ. ಫೋಟೋ ಬೇಕೇ ಬೇಕಾದರೆ ಶೆಲ್ಫಿನದು ತೆಗೆಸಿಕೊಳ್ಳಿ. ಪೋಷಕರ ಸಭೆಗೆ ಹೋಗುವವರು ಫೀಸು, ಬಸ್ಸಿನ ಮಾತಾದ ಮೇಲೆ ಇಷ್ಟು ಕೇಳಿ: ಹೆಸರಿನ ಚೀಟಿ ಯಾವಾಗ ನಿಲ್ಲಿಸುತ್ತೀರಿ, ಕಪಾಟಿನ ಬೀಗ ಯಾವಾಗ ತೆಗೆಯುತ್ತೀರಿ?